ಹಿಂದಿನ ಕೋಣೆಯ ಬಲ್ಬು

ಸುಟ್ಟುಹೋದ ಬಲ್ಬೊಂದು ಹಾಡಹಗಲೇ ಉರಿಯುತ್ತಿದೆ ಎಂದು ಕಚೇರಿಯ ಪರದೆ ತೋರಿಸಿದಾಗ ನೀಲಾಂಬಿಕಾ ಮೊದಲು ಬೈದದ್ದು ಪರದೆಯನ್ನೇ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಹತ್ತಿಕಾಳ ಓಣಿ, ಅವಳದೇ ಮನೆ, ಹಿಂದಿನ ಕೋಣೆ, ನೂರು ವಾಟಿನ ಬಲ್ಬು, ಉರಿಯುತ್ತಿದೆ. ಆ ಬಲ್ಬು ದೀಪಾವಳಿ ಕಳೆಯುತ್ತಲೇ ಸತ್ತಿತ್ತು. ಸ್ಟೂಲು ಹತ್ತಿ ಅದನ್ನು ಬಿಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ತಂತಿ ಟಿಣಿಟಿಣಿ ಅನ್ನುವುದನ್ನು ಕೇಳಿಸಿಕೊಂಡು ಕಸದ ಬುಟ್ಟಿಗೆ ಹಾಕಿದವಳು ಸಾಕ್ಷಾತ್ ಅವಳೇ. ಹೊಸದನ್ನು ಇನ್ನೂ ತಂದಿರಲಿಲ್ಲ.

ಕಪ್ಪತಗುಡ್ಡದ ಬುಡದ ಆ ಊರಿನ ಕರೆಂಟಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳೇ ದಿಕ್ಕು. ಚಳಿಗಾಲ ಬಂತೆಂದರೆ ಗಾಳಿ ಬಿದ್ದುಹೋಗುತ್ತಿತ್ತು. ಜನರಿಗೆ ಮೈ ಕಾಯಿಸಿಕೊಳ್ಳುವ ಆಸೆ ಹುಟ್ಟುತ್ತಿದ್ದದ್ದೂ ಆಗಲೇ. ಒಂದು ಚಳಿಗಾಲ ಇಡೀ ಊರು ಕತ್ತಲಲ್ಲಿ ಕೂತ ಮೇಲೆ ವಿದ್ಯುತ್ ನಿಗಮ ಕಟ್ಟಳೆ ಹೊರಡಿಸಿತು. ಮನೆಗೆ ಕಾವಿನದು ಒಂದೇ ಯಂತ್ರ, ನೀರು ಕಾಯಿಸುವುದು ಬೇಕೋ ಇಸ್ತ್ರಿಪೆಟ್ಟಿಗೆ ಬೇಕೋ ನೀವೇ ಆರಿಸಿಕೊಳ್ಳಿ. ಬೆಳಕಿಗೆ ಅಡ್ಡಿಯಿಲ್ಲ. ಕಟ್ಟಳೆ ಮುರಿದವರ ಮನೆಗೆ ಮಾತ್ರ ಬೆಳಕೂ ಇಲ್ಲ, ವರ್ಷಗಟ್ಟಲೆ.

ಮುರಿದವರನ್ನು ಹಿಡಿಯುವುದಕ್ಕೆ ನಿಗಮ ಒಂದು ಉಪಾಯ ಮಾಡಿತ್ತು. ಪ್ರತಿ ಮನೆಯ ಪ್ರತಿ ಪಾಯಿಂಟಿನ ಹಿಂದೆ, ಗೋಡೆಯೊಳಗೆ, ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಯಂತ್ರ. ಅಲ್ಲಿ ವೋಲ್ಟ್ ಎಷ್ಟು, ಹರಿಯುವ ಆಂಪಿಯರ್ ಎಷ್ಟು ಎಂದು ಅದು ನೋಡುತ್ತಿತ್ತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತುದಿಯಲ್ಲಿರುವ ವಸ್ತು ಕರೆಂಟಿಗೆ ಎಷ್ಟು ಅಡ್ಡ ನಿಂತಿದೆ ಎಂಬುದು ಓಂ ಲೆಕ್ಕದಲ್ಲಿ ಸಿಗುತ್ತದೆ. ಎರಡನ್ನೂ ಗುಣಿಸಿದರೆ ಅದು ತಿನ್ನುತ್ತಿರುವ ವಾಟ್ ಸಿಗುತ್ತದೆ. ಹೈಸ್ಕೂಲಿನ ಲೆಕ್ಕ, ಅದಕ್ಕಿಂತ ಹೆಚ್ಚೇನಿಲ್ಲ. ಇನ್ನೂರ ಮೂವತ್ತು ವೋಲ್ಟಿಗೆ ಅರ್ಧಕ್ಕಿಂತ ತುಸು ಕಡಿಮೆ, 0.435 ಆಂಪಿಯರ್ ಹರಿದರೆ ಐನೂರ ಇಪ್ಪತ್ತೊಂಬತ್ತು ಓಂ, ನೂರು ವಾಟ್. ಅಂದರೆ ಅದು ಬಲ್ಬು.

ಹೀಗೆ ಪ್ರತಿ ವಸ್ತುವಿಗೂ ಒಂದು ಓಂ, ಪ್ರತಿ ಓಂಗೂ ಒಂದು ಹೆಸರು. ಮಿಕ್ಸರ್ ಕೊಂಡವರು ಅದನ್ನು ನಿಗಮದ ಕಚೇರಿಗೆ ಹೊತ್ತುಕೊಂಡು ಹೋಗಿ ಅಳೆಸಿ ಹೆಸರು ಹಚ್ಚಿಸಬೇಕು. ಜನ ಅದಕ್ಕೆ ತೊಟ್ಟಿಲಿಗೆ ಹಾಕುವುದು ಎನ್ನುತ್ತಿದ್ದರು. ‘ಫ್ಯಾನ್ ತೊಟ್ಟಿಲಿಗೆ ಹಾಕಿಸಿದ್ರೇನು?’ ಎಂದು ಬೀದಿಯಲ್ಲಿ ಕೇಳುವುದು ಮಾಮೂಲಾಗಿತ್ತು. ಎಲ್ಇಡಿ ದೀಪದ ಚಿಪ್ಪುಗಳಿಗೆ ಬರ ಬಂದಾಗಿನಿಂದ ಹಳೆಯ ಕಾಲದ ತಂತಿಯ ಬಲ್ಬುಗಳೇ ಮರಳಿ ಬಂದಿದ್ದರಿಂದ ನಿಗಮಕ್ಕೂ ಸುಲಭ. ಮನೆಯ ನಡುಗೋಡೆಯ ಮೇಲಿನ ಅಂಗೈಯಗಲದ ಪರದೆಯಲ್ಲಿ ಯಾವ ಪಾಯಿಂಟಿನಲ್ಲಿ ಏನು ನಡೆದಿದೆ ಎಂದು ಹೆಸರು ಮೂಡುತ್ತಿತ್ತು. ಪಟ್ಟಿಯಲ್ಲಿಲ್ಲದ ಓಂ ಬಂದು ಕೆಲವು ಕ್ಷಣ ನಿಂತರೆ ‘ಅನಾಮಿಕ’ ಎಂದು ಕೆಂಪಗೆ ಮೂಡುತ್ತಿತ್ತು. ಅದು ಕಾಣಿಸಿದರೆ ನಿಯಂತ್ರಣ ಕೋಣೆಯಿಂದ ತಂಡ ಹೊರಡುತ್ತಿತ್ತು.

ಆ ಪರದೆಗಳು ಬಂದ ಮೇಲೆ ಊರಿನ ಜನ ಪರದೆ ನೋಡಿಯೇ ಒಬ್ಬರನ್ನೊಬ್ಬರು ಅಳೆಯತೊಡಗಿದರು. ಸೊಸೆ ಎಷ್ಟು ಸಲ ನೀರು ಕಾಯಿಸಿದಳು, ಗಂಡ ಹೊರಗೆ ಹೋದ ಮೇಲೂ ಫ್ಯಾನ್ ಯಾಕೆ ತಿರುಗಿತು, ಇಸ್ತ್ರಿ ಮಾಡಿಕೊಂಡು ಎಲ್ಲಿಗೆ ಹೊರಟಳು. ನಿಯಂತ್ರಣ ಕೋಣೆಯಲ್ಲಿ ಕೂರುವ ನೀಲಾಂಬಿಕಾಳನ್ನು ಕಂಡರಂತೂ ಓಣಿಯ ಬಾಯಿಗೆ ಬೀಗ ಬೀಳುತ್ತಿತ್ತು. ಕಟ್ಟೆಯ ಮೇಲೆ ಹಳೆ ಬಟ್ಟೆಯ ಪದರುಗಳಿಂದ ಕೌದಿ ಹೊಲಿಯುತ್ತ ಹರಟುವ ಹೆಂಗಸರು ಅವಳ ಚಪ್ಪಲಿ ಸಪ್ಪಳಕ್ಕೇ ಸುಮ್ಮನಾಗಿ ಸೂಜಿಗೆ ದಾರ ಪೋಣಿಸತೊಡಗುತ್ತಿದ್ದರು. ಅವಳ ಅತ್ತೆ ಬಸಲಿಂಗವ್ವನೂ ಅವರಲ್ಲೊಬ್ಬಳು. ಅದು ನೀಲಾಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಈಗ ಅವಳು ಆ ಸುಳ್ಳು ಬಲ್ಬಿನ ಹಿಂದೆ ಬಿದ್ದಳು. ತಣ್ಣಗಿರುವ ಬಲ್ಬಿನ ತಂತಿಗೆ ಓಂ ಬಹಳ ಕಡಿಮೆ, ಐವತ್ತೂ ಇರುವುದಿಲ್ಲ. ಹಚ್ಚಿದೊಡನೆ ಅದು ಕಾದು, ಕಣ್ಣು ಮಿಟುಕಿಸುವಷ್ಟರಲ್ಲಿ ಐನೂರಕ್ಕೆ ಏರುತ್ತದೆ. ಹಿಂದಿನ ಕೋಣೆಯ ದಾಖಲೆ ತೆಗೆದು ಮೊದಲ ಕ್ಷಣವನ್ನು ಹಿಗ್ಗಿಸಿ ನೋಡಿದಳು. ಏರಿಕೆಯೇ ಇಲ್ಲ. ಹಚ್ಚಿದ ಗಳಿಗೆಯಿಂದಲೂ ಐನೂರ ಇಪ್ಪತ್ತೊಂಬತ್ತು, ಅಲ್ಲಾಡದೆ ಅಷ್ಟೇ. ಅದು ಬಲ್ಬಲ್ಲ, ಬಲ್ಬಿನ ಸೋಗು ಹಾಕಿದ ಬೇರೇನೋ. ಸೋಗು ಹಾಕಿಸಿದವರು ಅವಳ ಮನೆಯೊಳಗೇ ಇದ್ದಾರೆ.

ಮಧ್ಯಾಹ್ನ ಮನೆಗೆ ಬೀಗ. ಅತ್ತೆ ಊಟ ಮುಗಿಸಿ ಎದುರುಮನೆಯ ಮಾಬೂಬಿಯ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತರೆ ಏಳುವುದು ಸಂಜೆಗೇ. ಇನ್ನೊಂದು ಕೀಲಿ ಇರುವುದು ಗಂಡ ಶಿವಯೋಗಿಯ ಹತ್ತಿರ. ಅವನ ಲೇತ್ ಅಂಗಡಿಗೆ ಫೋನ್ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತುಹೋಯಿತು, ಎತ್ತಲಿಲ್ಲ.

ಸಂಜೆ ಅವನಿಗೆ ರೊಟ್ಟಿ ಬಡಿಸುತ್ತ ಕೇಳಿದಳು.

“ಮಧ್ಯಾಹ್ನ ಎಲ್ಲಿ ಹೋಗಿದ್ರಿ?”

“ಎಲ್ಲಿ ಹೋಗ್ಲಿ? ಇಡೀ ದಿವಸ ಅಂಗಡ್ಯಾಗs ಇದ್ನೆಲ್ಲ.”

“ಫೋನ್ ಮಾಡಿದ್ದೆ.”

“ಲೇತ್ ಸಪ್ಪಳದಾಗ ಕೇಳಿಸಿಲ್ಲ ಬಿಡು,” ಎಂದವನು ತಾಯಿಯ ಕಡೆ ಒಮ್ಮೆ ನೋಡಿ ಪಲ್ಯಕ್ಕೆ ಕೈ ಹಾಕಿದ. ಬಸಲಿಂಗವ್ವ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ.

“ಹಿಂದಿನ ಖೋಲ್ಯಾಗ ಬಲ್ಬ್ ಹಾಕಿಸಿದ್ರೇನು?”

“ಇಲ್ಲಲ್ಲ. ಯಾಕ?”

“ಸುಮ್ನ ಕೇಳಿದೆ.”

ಸುಮ್ಮನೆ ಕೇಳುವ ಹೆಣ್ಣು ಇನ್ನೂ ಹುಟ್ಟಿಲ್ಲ, ಅದು ಶಿವಯೋಗಿಗೂ ಗೊತ್ತಿತ್ತು. ಅವನು ಮತ್ತೊಂದು ರೊಟ್ಟಿ ಬೇಡವೆಂದು ಎದ್ದುಬಿಟ್ಟ. ಅವನು ಕೈ ತೊಳೆಯುವಷ್ಟರಲ್ಲಿ ನೀಲಾ ಗೂಟದ ಮೇಲಿನ ಅಂಗಿಯ ಜೇಬು ತಡಕಿದಳು. ಬೆರಳಿಗೆ ಸಿಕ್ಕಿದ್ದು ಬೂದು ಬಣ್ಣದ, ಕೂದಲೆಳೆಯಷ್ಟು ಸಣ್ಣ ತಂತಿಯ ಸುರುಳಿ. ಇಸ್ತ್ರಿಪೆಟ್ಟಿಗೆಯೊಳಗೆ ಕಾಯುತ್ತದಲ್ಲ, ಆ ಜಾತಿಯದು. ಎಷ್ಟು ಕಾದರೂ ಓಂ ಬದಲಿಸದ ತಂತಿ ಅದೊಂದೇ. ಅದನ್ನು ಇದ್ದ ಹಾಗೇ ಜೇಬಿಗೆ ಮರಳಿ ಹಾಕಿದಳು.

ಅದೇ ವಾರ ಟ್ರಂಕಿನಲ್ಲಿದ್ದ ಹಸಿರು ಸೀರೆಯೂ ಕಾಣೆಯಾಗಿರುವುದು ಗೊತ್ತಾಯಿತು. ತೀರಿಹೋದ ಅವ್ವ ಉಟ್ಟು ಉಟ್ಟು ಮೆತ್ತಗೆ ಮಾಡಿದ್ದ ಸೀರೆ ಅದು. ಉಡಲು ಬಾರದಷ್ಟು ಜೀರ್ಣವಾಗಿದ್ದರೂ ನೀಲಾ ಅದನ್ನು ಮಡಿಸಿ ಇಟ್ಟುಕೊಂಡಿದ್ದಳು. ಅತ್ತೆಯನ್ನು ಕೇಳಿದರೆ “ಎಲ್ಲರ ಇರಬೇಕು ನೋಡವಾ” ಎಂದು ಒಳಗೆ ಹೋದಳು. ಹಾಡಹಗಲು ಬೀಗ ತೆಗೆದು ಹಿಂದಿನ ಕೋಣೆಗೆ ಬರುವ ಗಂಡ, ಕದ್ದ ಕಾವು, ಕಾಣೆಯಾದ ಸೀರೆ. ಐದು ತಿಂಗಳ ಬಸುರಿಯ ತಲೆಯಲ್ಲಿ ಇವು ಮೂರೂ ಸೇರಿ ಏನಾಗಬೇಕೋ ಅದೇ ಆಯಿತು. ಯಾವಳೋ ಒಬ್ಬಳು ಬರುತ್ತಿದ್ದಾಳೆ, ಅವಳಿಗೆ ಚಳಿಯಾಗದಿರಲೆಂದು ಇವನು ಹೆಂಡತಿಯ ನೌಕರಿಯನ್ನೇ ಒತ್ತೆಯಿಟ್ಟಿದ್ದಾನೆ. ನಿಗಮದ ನೌಕರರ ಮನೆಯಲ್ಲೇ ಸೋಗಿನ ಯಂತ್ರ ಸಿಕ್ಕರೆ ನೌಕರಿ ಹೋಗುತ್ತದೆ, ಮನೆಗೆ ಕತ್ತಲೆ ಬರುತ್ತದೆ. ಆ ಕತ್ತಲೆಯಲ್ಲಿ ಅವಳು ಹೆರಬೇಕಾಗುತ್ತದೆ.

ಬಾಯಿ ಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಪರದೆಯ ಮುಂದೆ ಕೂತು ಕೂತು ಅವಳಿಗೆ ಕೇಳುವ ರೂಢಿಯೇ ತಪ್ಪಿಹೋಗಿತ್ತು. ಜನ ಸುಳ್ಳು ಹೇಳುತ್ತಾರೆ, ಓಂ ಸುಳ್ಳು ಹೇಳುವುದಿಲ್ಲ. ಕೈಗೆ ಸಿಕ್ಕಿಬೀಳುವವರೆಗೆ ಕಾಯುವುದೆಂದು ನಿರ್ಧರಿಸಿದಳು.

ಕಾಯುವ ಕೆಲಸ ಬಹಳ ದಿನ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಅವಳು ಡಬ್ಬಿಯ ಮೊಸರನ್ನ ಮುಗಿಸುವ ಹೊತ್ತಿಗೆ ಹಿಂದಿನ ಕೋಣೆಯ ಪಾಯಿಂಟು ಎದ್ದಿತು. ಆ ದಿನ ಸೋಗು ಸರಿಯಾಗಿ ಕೂತಿರಲಿಲ್ಲ. ಐನೂರ ಹತ್ತು, ಐನೂರ ನಲವತ್ತು, ಐನೂರ ಮೂವತ್ತನಾಲ್ಕು. ಯಾರೋ ತಂತಿಯನ್ನು ಉದ್ದ ಮಾಡುತ್ತಿದ್ದಾರೆ, ಗಿಡ್ಡ ಮಾಡುತ್ತಿದ್ದಾರೆ, ಗೋಡೆಯ ಪರದೆಯಲ್ಲಿ ‘ಬಲ್ಬು’ ಎಂದು ಮೂಡುವ ತನಕ. ಲೆಕ್ಕ ಬರಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು. ಕರೆಂಟು ಹರಿಯುತ್ತಿರುವಾಗಲೇ ಅದನ್ನು ಮಾಡಬೇಕು, ಇಲ್ಲದಿದ್ದರೆ ಪರದೆ ಹೆಸರು ತೋರಿಸುವುದಿಲ್ಲ.

ಹಾಗೆ ನೋಡುತ್ತಿರುವಂತೆಯೇ ಐನೂರು ಮಾಯವಾಗಿ ಅದರ ಜಾಗದಲ್ಲಿ ಇಪ್ಪತ್ಮೂರು ಸಾವಿರ ಬಂದು ನಿಂತಿತು. ಪರದೆ ಕೆಂಪಾಯಿತು. ಅನಾಮಿಕ.

ಮೇಲ್ವಿಚಾರಕ ಪಟ್ಟಣಶೆಟ್ಟಿಯವರು ಕುರ್ಚಿ ಬಿಟ್ಟೆದ್ದು ಬಂದರು. ವರ್ಷಗಟ್ಟಲೆ ಕಳ್ಳರನ್ನು ಹಿಡಿದು ಅವರ ಕಣ್ಣುಗಳು ಸದಾ ಅರ್ಧ ಮುಚ್ಚಿಯೇ ಇರುತ್ತಿದ್ದವು.

“ಇದು ನಿಮ್ಮ ಮನಿ ಅಲ್ಲೇನ್ರಿ ಮೇಡಂ?”

“ಹೌದ್ರಿ ಸರ್.”

“ಮನ್ಯಾಗ ಯಾರ್ ಅದಾರ?”

“ಯಾರೂ ಇರಂಗಿಲ್ರಿ ಈ ಹೊತ್ತಿನ್ಯಾಗ.”

“ತಂಡ ಕಳಸ್ತೀನಿ. ಲೈನ್ ಮಾತ್ರ ಕಡೀಬ್ಯಾಡ್ರಿ. ಕರೆಂಟ್ ಹೋತಂದ್ರ ಕಳ್ಳಗ ಸುಳುವು ಸಿಗತೈತಿ, ಕಿತ್ಕೊಂಡು ಓಡಿಬಿಡ್ತಾನ.” ಇದು ನಿಗಮದ ನಿಯಮವೂ ಆಗಿತ್ತು. ಅನಾಮಿಕ ಕಂಡರೆ ಕರೆಂಟು ಹರಿಯುತ್ತಲೇ ಇರಲಿ, ವಸ್ತುವಿನ ಸಮೇತ ಕಳ್ಳ ಸಿಗಲಿ.

“ಕಳಸ್ರಿ,” ಎಂದಳು ನೀಲಾ. ಅವಳಿಗೆ ಒಂದು ಥರದ ಕಹಿ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದೇಕೆ. ಓಣಿಯ ಜನರೆದುರೇ ಬಾಗಿಲು ಒಡೆಯಲಿ, ಇಬ್ಬರೂ ಹೊರಗೆ ಬರಲಿ. ಕೈಕಟ್ಟಿ ಕೂತು ಅಂಕಿ ನೋಡಿದಳು.

ಹತ್ತು ಮಿಲಿಆಂಪಿಯರ್. ಇನ್ನೂರ ಮೂವತ್ತರಿಂದ ಗುಣಿಸಿದರೆ ಎರಡು ಪಾಯಿಂಟ್ ಮೂರು ವಾಟ್. ಇಷ್ಟರಲ್ಲಿ ಏನು ನಡೆಯುತ್ತದೆ? ದೇವರ ಮುಂದಿನ ಚಿಕ್ಕ ದೀಪವೂ ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಇಷ್ಟು ಕ್ಷುದ್ರ ಯಂತ್ರಕ್ಕಾಗಿ ಇಷ್ಟೆಲ್ಲ ಕಳ್ಳಾಟವೇ ಎಂದು ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಅಂಕಿ ಬದಲಾಯಿತು. ಹನ್ನೊಂದೂವರೆ ಮಿಲಿಆಂಪಿಯರ್, ಇಪ್ಪತ್ತು ಸಾವಿರ ಓಂ. ಪರದೆ ಭಾಗಿಸಿ ತೋರಿಸಿದ್ದನ್ನು ನಂಬದೆ ಅವಳೂ ಬಾಯಲ್ಲೇ ಭಾಗಿಸಿದಳು. ಮತ್ತೆ ಬದಲಾಯಿತು. ಹನ್ನೆರಡೂವರೆ. ಹದಿನೆಂಟು ಸಾವಿರದ ನಾನೂರು.

ಇಳಿಯುತ್ತಿತ್ತು.

ನೀಲಾ ಕಟ್ಟಿದ ಕೈ ಬಿಚ್ಚಿದಳು. ಬಲ್ಬಿನ ಓಂ ಕಾದಂತೆ ಏರುತ್ತದೆ. ಇಸ್ತ್ರಿಯ ತಂತಿಯದು ಇದ್ದಲ್ಲೇ ಇರುತ್ತದೆ. ಜನ ಮನೆಯಲ್ಲಿ ಕದ್ದು ಹಚ್ಚುವ ತಂತಿಗಳಲ್ಲಿ ಹೀಗೆ ಮೆಲ್ಲಗೆ ಇಳಿಯುತ್ತ ಹೋಗುವುದನ್ನು ಅವಳು ಕಂಡೇ ಇರಲಿಲ್ಲ. ಹಾಗೆ ಇಳಿದದ್ದನ್ನು ಕಂಡದ್ದು ಒಂದೇ ಸಲ, ಅದೂ ತಂತಿಯಲ್ಲಲ್ಲ. ತರಬೇತಿಗೆ ಸೇರಿದ ಹೊಸದರಲ್ಲಿ ಮೇಷ್ಟರು ಎಲ್ಲರ ಎರಡೂ ಕೈಗೆ ಮೀಟರಿನ ಎರಡು ಮುಳ್ಳು ಹಿಡಿಸಿ ತಮಾಷೆ ತೋರಿಸಿದ್ದರು. ಒಣಗಿದ ಕೈಯಲ್ಲಿ ಸಾವಿರಗಟ್ಟಲೆ ಓಂ. ಅಂಜುಬುರುಕ ಒಬ್ಬನ ಅಂಗೈ ಬೆವತು ಅವನ ಅಂಕಿ ಇಳಿಯುತ್ತಲೇ ಹೋದಾಗ ಎಲ್ಲರೂ ನಕ್ಕಿದ್ದರು.

ಅದು ಯಂತ್ರವಲ್ಲ. ಅದು ಮನುಷ್ಯ. ಒಂದು ಕೈಗೆ ಒಂದು ತುದಿ, ಇನ್ನೊಂದು ಕೈಗೆ ಇನ್ನೊಂದು ತುದಿ. ಹತ್ತು ಮಿಲಿಆಂಪಿಯರ್ ಹರಿದರೆ ಮುಷ್ಟಿ ತಾನಾಗಿ ಬಿಗಿಯುತ್ತದೆ, ಬಿಡುತ್ತೇನೆಂದರೂ ಬಿಡಿಸಿಕೊಳ್ಳಲಾಗುವುದಿಲ್ಲ. ಬೆವತಷ್ಟೂ ಓಂ ಇಳಿಯುತ್ತದೆ, ಓಂ ಇಳಿದಷ್ಟೂ ಕರೆಂಟು ಏರುತ್ತದೆ. ಮೂವತ್ತು ಮುಟ್ಟಿದರೆ ಎದೆ ನಿಲ್ಲಬಹುದು. ಈಗ ಹದಿನಾಲ್ಕು. ಒಂದು ತಂತಿಯಲ್ಲಿ ಹೋದದ್ದೆಲ್ಲ ಇನ್ನೊಂದರಲ್ಲಿ ಮರಳುತ್ತಿದ್ದುದರಿಂದ ಮನೆಯ ರಕ್ಷಣೆಯ ಸ್ವಿಚ್ಚಿಗೂ ಇದು ಯಾವುದೋ ಸಣ್ಣ ದೀಪದಂತೆಯೇ ಕಂಡಿರಬೇಕು, ಅದು ಸುಮ್ಮನೆ ಕೂತಿತ್ತು.

“ಸರ್, ಲೈನ್ ಕಡೀಬೇಕ್ರಿ. ಅಲ್ಲಿ ಮನುಷ್ಯಾರು ಸಿಕ್ಕೊಂಡಾರ.”

“ಗಂಡನ್ನ ಉಳಿಸ್ಕೊಳಾಕ ಇದೊಂದ್ ಉಪಾಯ ಏನ್ರಿ?” ಪಟ್ಟಣಶೆಟ್ಟಿಯವರು ನಗಲಿಲ್ಲ. “ತಂಡ ಓಣಿ ಮುಟ್ಟಲಿ, ತಡೀರಿ.”

ಓಣಿಯ ಲೈನು ಕಡಿಯುವ ಗುಂಡಿಗೆ ಗಾಜಿನ ಮುಚ್ಚಳವಿತ್ತು, ಅದರ ಕೀಲಿ ಅವರ ಹತ್ತಿರ. ನೀಲಾ ಮತ್ತೊಮ್ಮೆ ಕೇಳಲಿಲ್ಲ. ಊಟದ ಸ್ಟೀಲ್ ಡಬ್ಬಿ ಎತ್ತಿ ಗಾಜಿಗೆ ಬಾರಿಸಿದಳು, ಚೂರುಗಳ ನಡುವೆಯೇ ಬೆರಳಿಟ್ಟು ಗುಂಡಿ ಒತ್ತಿದಳು. ಹತ್ತಿಕಾಳ ಓಣಿಯ ಅಂಕಿಗಳೆಲ್ಲ ಒಮ್ಮೆಲೇ ಸೊನ್ನೆಯಾದವು. ಕೈ ಬಿಟ್ಟಿತೋ ಜೀವ ಬಿಟ್ಟಿತೋ, ಸೊನ್ನೆ ಅದನ್ನು ಹೇಳುವುದಿಲ್ಲ.

ರಕ್ತ ಒಸರುವ ಬೆರಳಿನಿಂದಲೇ ಗಂಡನ ಫೋನಿಗೆ ಹಚ್ಚಿದಳು. ಎತ್ತುವುದಿಲ್ಲ ಎಂದು ಗೊತ್ತಿತ್ತು. ಆದರೂ ಹಚ್ಚಿದಳು.

“ಹೇಳ ನೀಲಾ,” ಎಂದ ಶಿವಯೋಗಿ. ಹಿಂದೆ ಲೇತ್ ಗಿರ್ರನೆ ತಿರುಗುತ್ತಿತ್ತು.

“ಮನ್ಯಾಗ... ಮನ್ಯಾಗ ಯಾರ್ ಅದಾರ?”

ಅತ್ತ ಕಡೆ ಲೇತ್ ನಿಂತಿತು. “ಅವ್ವ ಅದಾಳ,” ಎಂದ. “ಯಾಕ, ಏನಾತು?”

ಬಸಲಿಂಗವ್ವ ಉಳಿದಳು. ಆಸ್ಪತ್ರೆಯಲ್ಲಿ ಎರಡೂ ಕೈಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಬಲಗೈಯ ಎರಡು ಬೆರಳು ಮತ್ತೆ ಸೂಜಿ ಹಿಡಿಯಲಾರವು ಎಂದು ಡಾಕ್ಟರು ಹೇಳಿದರು. ತಂಡ ಬಾಗಿಲು ಒಡೆದಾಗ ನೆಲದ ಮೇಲೆ ಬಿದ್ದಿದ್ದ ಮುದುಕಿ ಮತ್ತು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಗಾಳಿ ಬೀಸುತ್ತಿದ್ದ ಮಾಬೂಬಿ, ಇಬ್ಬರೇ ಸಿಕ್ಕರು. ಹಿತ್ತಲ ಬಾಗಿಲಿನಿಂದ ಬಂದಿದ್ದ ಮಾಬೂಬಿ, ಮುದುಕಿ ಬಲ್ಬು ಹಾಕಲು ಹೋದಾಗ ಕರೆಂಟು ಹಿಡಿದುಬಿಟ್ಟಿತೆಂದು ಅತ್ತಳು. ತಂಡದವರು ಹಾಗೆಯೇ ಬರೆದುಕೊಂಡು ಹೋದರು.

ನೀಲಾಳನ್ನು ವರಾಂಡದ ಮೂಲೆಗೆ ಕರೆದು ಮಾಬೂಬಿ ಬುರ್ಖಾದೊಳಗಿಂದ ಒಂದು ಗಂಟು ತೆಗೆದಳು. ಬಿಚ್ಚಿದರೆ ಪುಟ್ಟ ಕೌದಿ. ಮೇಲಿನ ಪದರು ಹಸಿರು ಸೀರೆ. ಕೆಳಗಿನ ಪದರಿನ ನಡುವೆ, ಕೌದಿಯ ಹೊಲಿಗೆಯ ಸಾಲಿನಲ್ಲೇ, ದಾರದ ಜೊತೆ ದಾರವಾಗಿ ಬೂದು ತಂತಿ ಓಡಿತ್ತು. ಒಂದು ಮೂಲೆ ಇನ್ನೂ ಹೊಲಿಯುವುದಿತ್ತು.

“ನೀರು ಕಾಸೂದ ಒಂದ ಇಟ್ಕೊಂಡ್ರ ಬಾಣಂತಿಗಿ ಕಾವು ಎಲ್ಲಿಂದ ಬರಬೇಕವಾ?” ಎಂದಳು ಮಾಬೂಬಿ. “ನಿಮ್ಮತ್ತಿ ಓಣಿಗೆಲ್ಲ ಹೊಲದು ಕೊಟ್ಟಾಳ. ನಮ್ಮ ಸೊಸಿಗಿ, ಆ ಮಂಡಿನೋವಿನ ಮುದುಕ್ಯಾರಿಗಿ. ಕೆಲಸಾ ಎಲ್ಲಾ ನಮ್ಮ ಪಡಸಾಲ್ಯಾಗs. ಇದೊಂದು ನಿನಗ, ತಂತಿ ನಿನ್ನ ಗಂಡs ತಂದುಕೊಟ್ಟಾನ. ನಮ್ಮ ಪಾಯಿಂಟಿನ್ಯಾಗ ಬಲ್ಬ್ ಅಂತ ಬರಲಿಲ್ಲ, ಹೋದ ಸಲದಂಗ ನಿಮ್ಮ ಮನ್ಯಾಗs ಹಚ್ಚಿ ನೋಡ್ತೀನಂತ ಹೋದ್ಲು. ನಿನಗ ಹೇಳ್ಬ್ಯಾಡ ಅಂತ ನಾವs ಆಣಿ ಹಾಕಿಸಿದ್ವಿ. ನೀ ಆ ಕಡೀ ಕುಂತಾಕಿ ಅಲ್ಲೇನು.”

ಕೌದಿಯೂ ತಿನ್ನುವುದು ನೂರೇ ವಾಟ್, ಬಲ್ಬೂ ತಿನ್ನುವುದು ನೂರೇ ವಾಟ್. ಇನ್ನೂರ ಮೂವತ್ತು ವೋಲ್ಟಿಗೆ ಐನೂರ ಇಪ್ಪತ್ತೊಂಬತ್ತು ಓಂ ಯಾವ ಹೆಸರಿನಲ್ಲಿ ನಿಂತರೂ ಅಷ್ಟೇ. ಓಣಿಯಲ್ಲಿ ಯಾರೂ ಒಂದು ವಾಟನ್ನೂ ಕದ್ದಿರಲಿಲ್ಲ, ಕದ್ದದ್ದು ಹೆಸರು ಮಾತ್ರ. ನೀಲಾ ಹಸಿರು ಸೀರೆಗೆ ಮುಖ ಹಚ್ಚಿ ಅತ್ತಳು.

ಒಳಗೆ ಹೋದಾಗ ಬಸಲಿಂಗವ್ವ ಕಣ್ಣು ಬಿಟ್ಟಿದ್ದಳು. “ನೀ ಲಗೂನ ನೋಡಿದಿ ಅಂತ ಉಳದೆ ನೋಡವಾ,” ಎಂದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನೀಲಾಳಿಗೆ ಹೂಂ ಅನ್ನಲಾಗಲಿಲ್ಲ. “ಲಗೂನ ನೋಡಿದ್ನಿರಿ ಅತ್ತೀ. ಕಡಿಯೂದು ತಡಾ ಮಾಡಿದೆ. ಸಿಗಲಿ ಅಂತ ಕುಂತು ನೋಡಿದೆ. ನಿಮ್ಮ ಮಗಾ ಅಂತ ತಿಳಕೊಂಡಿದ್ದೆ.”

ಮುದುಕಿ ಬಟ್ಟೆ ಸುತ್ತಿದ ಕೈಗಳನ್ನು ಎದೆಯ ಮೇಲಕ್ಕೆ ಎಳೆದುಕೊಂಡಳು.

“ಅಂವಾ ಇದ್ರೂ ಹಂಗ ಮಾಡಬಾರದಿತ್ತವಾ,” ಎಂದು ಮಗ್ಗುಲಾದಳು.

ಗಾಜು ಒಡೆದದ್ದಕ್ಕೆ ವಿಚಾರಣೆಯಾಯಿತು. ಇಳಿಯುವ ಓಮಿನ ದಾಖಲೆ ಇದ್ದುದರಿಂದ, ಜೀವ ಉಳಿದದ್ದರಿಂದ, ನೌಕರಿ ಉಳಿಯಿತು. ಪಟ್ಟಣಶೆಟ್ಟಿಯವರ ಗುಮಾನಿ ಮಾತ್ರ ಉಳಿದೇ ಇತ್ತು. ಅವರು ತಮ್ಮ ಕುರ್ಚಿಯನ್ನು ಅವಳ ಬೆನ್ನ ಹಿಂದಕ್ಕೆ ಸರಿಸಿಕೊಂಡರು.

ಚಳಿ ಬಲಿತಿದ್ದ ಒಂದು ಮಧ್ಯಾಹ್ನ ಅವರು ಅವಳ ಭುಜದ ಮೇಲಿಂದ ಬಗ್ಗಿದರು.

“ನಿಮ್ಮ ಓಣ್ಯಾಗ ಹಗಲಿನ್ಯಾಗ ಇಷ್ಟ್ಯಾಕ ಬಲ್ಬ್ ಉರೀತಾವ್ರಿ?”

ನೀಲಾ ನೋಡಿದಳು. ಹತ್ತಿಕಾಳ ಓಣಿಯ ಉದ್ದಕ್ಕೂ, ಮನೆ ಬಿಟ್ಟು ಮನೆ, ಐನೂರ ಇಪ್ಪತ್ತೊಂಬತ್ತು. ಮೊದಲ ಕ್ಷಣವನ್ನು ಹಿಗ್ಗಿಸಿದರೆ ಒಂದರಲ್ಲೂ ಏರಿಕೆ ಇರುವುದಿಲ್ಲ. ಹಿಗ್ಗಿಸುವ ಗುಂಡಿ ಅವಳ ಬೆರಳಿನ ಕೆಳಗೇ ಇತ್ತು. ಬೇಕೆಂದರೆ ಪಟ್ಟಣಶೆಟ್ಟಿಯವರ ಬೆರಳಿಗೂ ಎಟಕುತ್ತಿತ್ತು.

“ಹಳೀ ಮನಿಗಳ್ರಿ ಸರ್. ಒಳಗ ಕತ್ತಲಿರತೈತಿ.”

ಅವರು ಅಲ್ಲಿಂದ ಕದಲಲಿಲ್ಲ. ಅವರ ಉಸಿರು ಅವಳ ಕಿವಿಗೆ ಕೇಳುತ್ತಿತ್ತು. ಅಷ್ಟರಲ್ಲಿ ಅವಳದೇ ಮನೆಯ ಹಿಂದಿನ ಕೋಣೆಯ ಪಾಯಿಂಟು ಎದ್ದು ಹೊಳೆಯಿತು. ಉಳಿದಿದ್ದ ಆ ಮೂಲೆಯನ್ನು ಯಾರೋ ಹೊಲಿದು ಮುಗಿಸಿ, ಅತ್ತೆಯ ಸುಟ್ಟ ಕೈಗಳ ಮೇಲೆ ಹೊದಿಸಿ ಹಚ್ಚಿರಬೇಕು. ಐನೂರ ಇಪ್ಪತ್ತೊಂಬತ್ತು, ಮೊದಲ ಕ್ಷಣದಿಂದಲೇ.

“ಅದೇನ್ರಿ ಮೇಡಂ?”

“ಬಲ್ಬ್ ರೀ ಸರ್,” ಎಂದಳು ನೀಲಾಂಬಿಕಾ.